ಆರು ತೂತಿನ ಪ್ಯಾಕಿಂಗ್

ಜೂನ್ 4

ಮಗಳಿಗೆ,

ನಾನು ಕ್ಷೇಮ, ನೀನೂ ಕ್ಷೇಮ ಎಂದು ನಂಬಿದ್ದೇನೆ ಅಂತೆಲ್ಲ ಬರೆಯುವ ಅಭ್ಯಾಸ ನನಗಿಲ್ಲ. ಫೋನ್ ಮಾಡಿದರೆ ನೀನು ಕತ್ತರಿಸುತ್ತೀಯ. ಎರಡು ಸಲ ಮಾಡಿದೆ, ಎರಡು ಸಲವೂ ಕತ್ತರಿಸಿದೆ. ಕಾಗದವನ್ನು ಮಾತಿನ ನಡುವೆ ಕತ್ತರಿಸಲಾಗುವುದಿಲ್ಲ, ಹರಿದು ಹಾಕಬಹುದು ಅಷ್ಟೆ. ಹರಿಯುವ ಮುಂಚೆ ಓದು. ವಿಳಾಸ ಕೊಟ್ಟವಳು ಪಕ್ಕದ ಲೇತ್ ಅಂಗಡಿಯವನ ಹೆಂಡತಿ. ಅವಳ ಮೇಲೆ ಸಿಟ್ಟಾಗಬೇಡ, ನಾನೇ ಜಗಳವಾಡಿ ತೆಗೆದುಕೊಂಡೆ.

ವಿಷಯ ಇಷ್ಟು. ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಬಿದ್ದಿದ್ದ ಅಜ್ಜನನ್ನು ಹೊರಗೆ ಎಳೆದಿದ್ದೇನೆ. ಆ ಹಳೆಯ ಮೋಟಾರ್‌ಸೈಕಲ್ಲಿಗೆ ಅಜ್ಜ ಎಂದು ಹೆಸರಿಟ್ಟವಳು ನೀನೇ. ಏಳು ವರ್ಷದವಳಿದ್ದೆ, 'ಇದು ಅಪ್ಪನಿಗಿಂತ ಮುಂಚೆ ಹುಟ್ಟಿದ್ದು, ಹಾಗಾದ್ರೆ ಅಜ್ಜ' ಅಂದೆ. ಈಗ ನಿನ್ನ ತಮ್ಮ ಅದನ್ನು ಗುಜರಿಗೆ ಹಾಕು ಎನ್ನುತ್ತಾನೆ. ದಿನಾ ಅದನ್ನು ದಾಟಿ ಹೋಗುವುದು ಅವನಿಗೆ ಆಗುವುದಿಲ್ಲವಂತೆ. ಗುಜರಿಗೆ ಹೋಗುವುದಾದರೂ ಓಡುತ್ತ ಹೋಗಲಿ ಎಂದು ನಾನು ಎಂಜಿನ್ ಬಿಚ್ಚಿದೆ. ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡಿತ್ತು, ಬಿಡಿಸಲು ನಾಲ್ಕು ದಿನ ಹಿಡಿಯಿತು. ಲೇತ್‌ನವನು ಸಿಲಿಂಡರ್ ಸರಿಮಾಡಿ ಕೊಟ್ಟ. ಉಳಿದಿರುವುದು ಆಯಿಲ್ ಪಂಪ್ ಕೂರಿಸುವ ಕೆಲಸ. ಬಲಗೈಯ ಎರಡು ಬೆರಳು ಈಗ ಹೇಳಿದ ಮಾತು ಕೇಳುವುದಿಲ್ಲ, ಸ್ಕ್ರೂ ಹಿಡಿದರೆ ಸ್ಕ್ರೂ ಕುಣಿಯುತ್ತದೆ. ಆದರೂ ಮಾಡುತ್ತೇನೆ.

ಒಂದೇ ಪ್ರಶ್ನೆ. ಪಂಪಿಗೂ ಎಂಜಿನ್ನಿಗೂ ನಡುವೆ ಇಡುವ ಪ್ಯಾಕಿಂಗನ್ನು ಅವತ್ತು ನೀನು ಯಾವ ಕಾಗದದಲ್ಲಿ ಕತ್ತರಿಸಿದ್ದೆ? ಬಣ್ಣ ಯಾವುದು, ತೂತು ಎಷ್ಟು? ಇಷ್ಟು ಬರೆದರೆ ಸಾಕು. ಹಳೆಯದೆಲ್ಲ ಕೆದಕುವುದು ಬೇಡ.

ನಿನ್ನ ಅಪ್ಪ


ಜೂನ್ 15

ಅಪ್ಪನವರಿಗೆ,

ಒಂಬತ್ತು ವರ್ಷ ಎರಡು ತಿಂಗಳು. ಇಷ್ಟು ಕಾಲದ ಮೇಲೆ ಬಂದ ಮೊದಲ ಕಾಗದದಲ್ಲಿ ಪ್ಯಾಕಿಂಗಿನ ಬಣ್ಣ ಕೇಳಿದ್ದೀರಿ. ಮಗಳು ಇದ್ದಾಳೋ ಸತ್ತಳೋ ಅದೆಲ್ಲ ಆಮೇಲೆ, ಮೊದಲು ಬಣ್ಣ ಯಾವುದು, ತೂತು ಎಷ್ಟು. ಓದಿ ನಗು ಬಂತು. ಆಮೇಲೆ ಮೈಯೆಲ್ಲ ಉರಿಯಿತು. ನಾನು ಕೆಲಸ ಮಾಡುವ ಅಂಗಡಿಯ ಮಾಲೀಕಮ್ಮ ನನ್ನ ಮುಖ ನೋಡಿ, 'ಯಾಕೆ, ಮನೇಲಿ ಯಾರಾದ್ರೂ ಹೋಗ್ಬಿಟ್ರಾ' ಅಂದರು. 'ಇಲ್ಲ, ಇದ್ದಾರೆ' ಅಂದೆ.

ಹಳೆಯದನ್ನು ಕೆದಕುವುದು ಬೇಡವಂತೆ. ಹಳೆಯ ಎಂಜಿನ್ ಬಿಚ್ಚಿ ಕೂತವರು ಯಾರು, ನಾನಾ?

ಕೇಳಿದ್ದೀರಲ್ಲ, ಹೇಳುತ್ತೇನೆ. ಅದು ನಾನು ಒಬ್ಬಳೇ ಬಿಚ್ಚಿ ಒಬ್ಬಳೇ ಮುಚ್ಚಿದ ಮೊದಲ ಎಂಜಿನ್, ಆದ್ದರಿಂದ ಒಂದೊಂದು ವಾಷರೂ ನೆನಪಿದೆ. ಕಾಗದ ಡ್ರಾಯಿಂಗ್ ಹಾಳೆ, ಬಣ್ಣ ಬೂದು. ಎಂಜಿನ್ನಿನ ಮುಖದ ಮೇಲೆ ಹಾಳೆ ಇಟ್ಟು, ಉಂಡೆ ತಲೆಯ ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ತಟ್ಟಿ ತಟ್ಟಿ ಕತ್ತರಿಸಿದೆ, ನೀವು ಕಲಿಸಿದ ಹಾಗೆಯೇ. ತೂತು ಆರು. ಎರಡು ಸ್ಕ್ರೂಗೆ, ನಾಲ್ಕು ಎಣ್ಣೆಗೆ. ಎಣ್ಣೆಯ ಟ್ಯಾಂಕಿನಿಂದ ಪಂಪಿಗೆ ಎಣ್ಣೆ ಬರಲು ಒಂದು, ಪಂಪಿನಿಂದ ಎಂಜಿನ್ನಿನ ಒಳಗೆ ಹೋಗಲು ಒಂದು, ತಳಕ್ಕೆ ಬಿದ್ದ ಎಣ್ಣೆಯನ್ನು ಪಂಪು ಎಳೆದುಕೊಳ್ಳಲು ಒಂದು, ಅದನ್ನು ಮತ್ತೆ ಟ್ಯಾಂಕಿಗೆ ಏರಿಸಲು ಒಂದು. ಕಾಗದವನ್ನು ಎಣ್ಣೆಯಲ್ಲಿ ನೆನೆಸಿ ಕೂರಿಸಿದೆ. ಒಣ ಎಂಜಿನ್ ತಿರುಗಬಾರದೆಂದು ತಳಕ್ಕೆ ಒಂದು ಲೋಟ ಎಣ್ಣೆ ಸುರಿದೆ. ಹತ್ತು ನಿಮಿಷ ಓಡಿಸಿ, ಟ್ಯಾಂಕಿನ ಮುಚ್ಚಳ ತೆಗೆದು, ಎಣ್ಣೆ ಮರಳಿ ಬೀಳುವುದನ್ನು ಕೊನೆಯ ತನಕ ನೋಡಿದೆ. ನೀವು ಪಕ್ಕದಲ್ಲೇ ನಿಂತಿದ್ದಿರಿ. ತಲೆ ಆಡಿಸಿದಿರಿ. ನಿಮ್ಮ ಬಾಯಲ್ಲಿ ಶಹಬ್ಬಾಸ್ ಬರುವುದಿಲ್ಲ ಎಂದು ಗೊತ್ತಿತ್ತು, ತಲೆ ಆಡಿಸಿದ್ದೇ ನನಗೆ ದೊಡ್ಡದಾಗಿತ್ತು.

ಮಾರನೇ ಬೆಳಿಗ್ಗೆ ತಮ್ಮ ಅದೇ ಗಾಡಿಯಲ್ಲಿ ಬಸ್ ಡ್ರೈವರ್ ಕೆಲಸದ ಪರೀಕ್ಷೆಗೆ ಹೊರಟ. ಮೂವತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಎಣ್ಣೆಯಿಲ್ಲದೆ ಎಂಜಿನ್ ಕಚ್ಚಿಕೊಂಡು, ಹಿಂದಿನ ಚಕ್ರ ನಿಂತು, ಅವನು ರಸ್ತೆಗೆ ಬಿದ್ದ. ಬಲಗಾಲು ಮಂಡಿಯ ಹತ್ತಿರ ಪುಡಿಯಾಯಿತು. ಆಸ್ಪತ್ರೆಯ ಬಾಗಿಲಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ, 'ಪಂಪ್ ಇವಳು ಕೂರಿಸಿದ್ದು' ಅಂದಿರಿ. ಮನೆಗೆ ಬಂದ ಮೇಲೆ ನಾನು ಮೂರು ಸಲ ಕೇಳಿದೆ, 'ಬಿಚ್ಚಿ ನೋಡೋಣ ಅಪ್ಪ, ನನ್ನ ತಪ್ಪಿದ್ರೆ ಕಣ್ಣಾರೆ ನೋಡ್ತೀನಿ' ಅಂತ. 'ಬಿಚ್ಚೋದೇನಿದೆ' ಅಂದು ಟಾರ್ಪಾಲು ಹೊದಿಸಿದಿರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ರಸ್ತೆ ನಮ್ಮದು. ಒಬ್ಬರೂ ಎಂಜಿನ್ ನೋಡಲಿಲ್ಲ, ಎಲ್ಲರೂ ನನ್ನನ್ನು ನೋಡಿದರು. ತಮ್ಮ ಮುಖ ತಿರುಗಿಸಿದ. ಅವನ ಮದುವೆ ಆದದ್ದು ನನಗೆ ತಿಳಿದದ್ದು ಲೇತ್ ಅತ್ತೆಯ ಬಾಯಿಂದ.

ನಾನು ಈಗ ಹೊಲಿಗೆ ಯಂತ್ರ ರಿಪೇರಿ ಮಾಡುತ್ತೇನೆ. ಅದರಲ್ಲಿ ನನ್ನ ಕೈ ತಪ್ಪಿದರೆ ಸೂಜಿ ಮುರಿಯುತ್ತದೆ, ಕಾಲಲ್ಲ. ಎಂಜಿನ್ ಮುಟ್ಟಿ ಒಂಬತ್ತು ವರ್ಷವಾಯಿತು. ರಸ್ತೆಯಲ್ಲಿ ಯಾವುದಾದರೂ ಗಾಡಿ ಕೆಮ್ಮುತ್ತ ಹೋದರೆ ಏನಾಗಿದೆ ಎಂದು ಕಿವಿಗೆ ಗೊತ್ತಾಗುತ್ತದೆ, ಕೈ ಜೇಬಿಗೆ ಹೋಗುತ್ತದೆ.

ಉತ್ತರ ಸಿಕ್ಕಿತಲ್ಲ. ಬೂದು, ಆರು. ಇನ್ನು ಬರೆಯಬೇಡಿ.

ಸಹಿ ಹಾಕುವ ಅಗತ್ಯವಿಲ್ಲ, ಅಕ್ಷರ ಗೊತ್ತಿದೆ.


ಜುಲೈ 1

ಮಗಳಿಗೆ,

'ಅಪ್ಪನವರಿಗೆ' ಎಂದು ಬರೆದಿದ್ದೀಯ. ಕಚೇರಿಗೆ ಅರ್ಜಿ ಹಾಕಿದ ಹಾಗಿದೆ. ನಾನು ಯಾವಾಗ ನಿನಗೆ 'ನೀವು' ಆದೆ? ಇರಲಿ. ಬರೆಯಬೇಡಿ ಅಂದರೆ ಬರೆಯದೆ ಇರುವ ಜಾತಿ ನಾನಲ್ಲ, ನಿನಗೂ ಗೊತ್ತು.

ಎಂಜಿನ್ನಿನಲ್ಲಿ ಸಿಕ್ಕ ಪ್ಯಾಕಿಂಗ್ ಬೂದು ಅಲ್ಲ, ಕೆಂಪು. ಕಾಗದವೂ ಅಲ್ಲ, ತೆಳುವಾದ ರಟ್ಟು. ತೂತು ಐದೇ ಇವೆ. ಟ್ಯಾಂಕಿನಿಂದ ಎಣ್ಣೆ ಬರುವ ಜಾಗದಲ್ಲಿ ರಟ್ಟು ಹಾಗೇ ಮುಚ್ಚಿಕೊಂಡಿದೆ. ಹಾಗಾಗಿ ಪಂಪು ತಿರುಗಿದೆ, ಎಣ್ಣೆ ಒಂದು ತೊಟ್ಟೂ ಬಂದಿಲ್ಲ.

ಮನುಷ್ಯರಿಗೆ ಮರೆವು ಸಹಜ. ಆ ದಿನ ತುಂಬ ಕೆಲಸವಿತ್ತು. ನೀನು ಬೂದು ಹಾಳೆ ಎಂದುಕೊಂಡು ಬೇರೆ ಯಾವುದನ್ನೋ ತೆಗೆದುಕೊಂಡಿರಬಹುದು. ತಪ್ಪು ಯಾರದು ಎಂದು ಹುಡುಕುತ್ತ ಕೂತರೆ ಕಾಲು ಸರಿಯಾಗುವುದಿಲ್ಲ. ನಾನು ಅದನ್ನು ಹುಡುಕುತ್ತಲೂ ಇಲ್ಲ. ಸುಮ್ಮನೆ ಹೇಳಿದೆ.

ನಿನ್ನ ತಮ್ಮನ ಮಗಳಿಗೆ ನಾಲ್ಕು ತುಂಬಿತು. ಗಾಡಿಯ ಮೇಲೆ ಹತ್ತಿ ಕೂರುತ್ತಾಳೆ. ಇಳಿಸಿದರೆ ಕಚ್ಚುತ್ತಾಳೆ. ಯಾರ ಹಾಗೆ ಎಂದು ಬರೆಯುವುದಿಲ್ಲ.

ಅಪ್ಪ


ಜುಲೈ 9

ಅಪ್ಪನವರಿಗೆ,

ಕೆಂಪು ರಟ್ಟು ಎಂದು ಓದಿದ ತಕ್ಷಣ ಕಾಗದವನ್ನು ಕೆಳಗಿಟ್ಟು ಮಂಚದ ಕೆಳಗಿಂದ ಟ್ರಂಕು ಎಳೆದೆ. ಅದರ ತಳದಲ್ಲಿ ಒಂದು ಕೆಂಪು ಫೈಲಿದೆ. ಮನೆ ಬಿಟ್ಟು ಹೊರಟ ದಿನ, ಶೆಡ್ಡಿನ ಮೇಜಿನ ಖಾನೆಯಿಂದ ನನ್ನ ಸರ್ಟಿಫಿಕೇಟುಗಳನ್ನು ಆ ಫೈಲಿನ ಸಮೇತ ಎತ್ತಿಕೊಂಡು ಬಂದಿದ್ದೆ. ಒಂಬತ್ತು ವರ್ಷ ಅದನ್ನು ಹಿಡಿದುಕೊಂಡು ಕೆಲಸ ಕೇಳುತ್ತ ಬಾಗಿಲು ಬಾಗಿಲು ತಿರುಗಿದ್ದೇನೆ. ಅದರ ಹಿಂದಿನ ಮಡಿಕೆಯಲ್ಲಿ ಅಂಗೈಯಷ್ಟು ಜಾಗ ಚೌಕವಾಗಿ ಕತ್ತರಿಸಿ ಹೋಗಿದೆ. ಇಲಿ ಕಡಿದಿದ್ದಲ್ಲ, ಬ್ಲೇಡಿನಲ್ಲಿ ನೇರವಾಗಿ ಕತ್ತರಿಸಿದ್ದು. ನಾನು ಎಷ್ಟು ದೊಡ್ಡ ಪೆದ್ದಿ ಎಂದರೆ, ಹಳೆಯ ಫೈಲು, ಯಾವುದಕ್ಕೋ ಉಪಯೋಗವಾಗಿರಬೇಕು ಎಂದುಕೊಂಡಿದ್ದೆ.

ಹೌದು, ಉಪಯೋಗವಾಗಿದೆ.

ಆ ಖಾನೆಯ ಬೀಗದ ಕೈ ಇದ್ದದ್ದು ಒಂದೇ. ಅದು ನಿಮ್ಮ ಸೊಂಟದಲ್ಲಿ ಇರುತ್ತಿತ್ತು. ಹೊರಡುವ ದಿನ ನಾನು ಸ್ಕ್ರೂಡ್ರೈವರಿನಿಂದ ಆ ಬೀಗ ಮುರಿದೆ, ನೀವು ನೋಡುತ್ತ ನಿಂತಿದ್ದಿರಿ. ಅದಕ್ಕೂ ಮುಂಚೆ ಆ ಫೈಲಿಗೆ ಬೇರೆ ಯಾರ ಕೈಯೂ ತಾಗಿಲ್ಲ.

ಈಗ ನನಗೆ ನಿಮ್ಮ ಮೊದಲ ಕಾಗದ ಅರ್ಥವಾಗುತ್ತಿದೆ. ಪ್ಯಾಕಿಂಗಿನ ಬಣ್ಣವನ್ನು ಯಾವ ಮೆಕ್ಯಾನಿಕ್ಕೂ ಕೇಳುವುದಿಲ್ಲ, ದಪ್ಪ ಕೇಳುತ್ತಾನೆ. ನೀವು ಬಣ್ಣ ಕೇಳಿದಿರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ನಾನು 'ಕೆಂಪು' ಎಂದುಬಿಡಲಿ ಎಂದು ಕಾದಿದ್ದಿರಿ, ಅಲ್ಲವೇ? ಮಗಳಿಗೆ ಮರೆವು ಬಂದು, ಆ ತಪ್ಪನ್ನು ಕೊನೆಗೂ ಅವಳೇ ಒಪ್ಪಿಕೊಂಡುಬಿಡಲಿ ಎಂದು.

ಶೆಡ್ಡಿನ ಗೋಡೆಯ ಮೇಲೆ ಕಪ್ಪು ಬಣ್ಣದಲ್ಲಿ ಮೊಳದುದ್ದ ಅಕ್ಷರದಲ್ಲಿ ಬರೆದಿರುವುದು ಏನು? 'ಬಿಚ್ಚಿದವರೇ ಮುಚ್ಚಬೇಕು.' ಒಬ್ಬರು ಬಿಚ್ಚಿದ ಎಂಜಿನ್ನಿಗೆ ಇನ್ನೊಬ್ಬರ ಕೈ ಹೋಗಬಾರದು, ಏನು ಎಲ್ಲಿಂದ ಬಂತು ಎಂದು ಬಿಚ್ಚಿದವರಿಗೆ ಮಾತ್ರ ಗೊತ್ತಿರುತ್ತದೆ. ನನ್ನ ಒಂಬತ್ತನೇ ವಯಸ್ಸಿನಲ್ಲಿ ನೀವು ಬಿಚ್ಚಿದ್ದ ಕಾರ್ಬ್ಯುರೇಟರಿಗೆ ನಾನು ಒಂದು ಸ್ಕ್ರೂ ಹಾಕಿದ್ದಕ್ಕೆ ಕೆನ್ನೆಗೆ ಹೊಡೆದಿರಿ. ಐದು ಬೆರಳೂ ಮೂಡಿದ್ದವು. ಆ ಏಟು ಬೋಧನೆ ಎಂದುಕೊಂಡು ಬೆಳೆದೆ.

ನಾನು ಮುಚ್ಚಿದ ಎಂಜಿನ್ನನ್ನು ಮತ್ತೆ ಬಿಚ್ಚಿದವರು ಯಾರು? ಯಾವಾಗ? ಯಾಕೆ?

ಬರೆಯಿರಿ. ಮಗುವಿನ ಕಥೆ ಹೇಳಿ ನನ್ನನ್ನು ಕರಗಿಸಬೇಡಿ.

ಫೈಲು ನನ್ನ ಹತ್ತಿರವೇ ಇರುತ್ತದೆ.


ಆಗಸ್ಟ್ 20

ಮಗಳೇ,

ಆರು ವಾರ ಹಿಡಿಯಿತು. ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನಾನೇ.

ಆ ಮಧ್ಯಾಹ್ನ ನೀನು ಟ್ಯೂಬ್ ತರಲು ಹೋದೆ. ಲೇತ್‌ನವನು ಬಾಗಿಲಲ್ಲಿ ಬಂದು ನಿಂತು, 'ಏನ್ ಮೇಸ್ತ್ರಿ, ಮಗನ್ನ ಕೂರಿಸೋ ಗಾಡಿ ಎಂಜಿನ್ನು ಮಗಳ ಕೈಗೆ ಕೊಟ್ಬಿಟ್ರಾ' ಅಂದ. ತಮಾಷೆಗೆ ಅಂದದ್ದು. ನಾನೂ ನಕ್ಕೆ. ಅವನು ಹೋದ ಮೇಲೆ ಕೈ ಸುಮ್ಮನಿರಲಿಲ್ಲ. ಸುಮ್ಮನೆ ಒಂದು ಸಲ ನೋಡಿಬಿಡೋಣ ಎಂದು ಕವರ್ ತೆಗೆದೆ, ಪಂಪನ್ನೂ ಇಳಿಸಿದೆ. ಎಲ್ಲ ಸರಿಯಾಗಿತ್ತು. ನಾನು ಕೂರಿಸಿದ್ದರೂ ಅಷ್ಟು ಚೆನ್ನಾಗಿ ಕೂರುತ್ತಿರಲಿಲ್ಲ. ಆದರೆ ಇಳಿಸುವಾಗ ನಿನ್ನ ಬೂದು ಪ್ಯಾಕಿಂಗ್ ಹರಿಯಿತು. ಡ್ರಾಯಿಂಗ್ ಹಾಳೆ ಖಾಲಿಯಾಗಿತ್ತು. ನೀನು ಬರುವುದರೊಳಗೆ ಮುಚ್ಚಬೇಕಿತ್ತು, ಮಗಳ ಕೆಲಸವನ್ನು ಅವಳ ಬೆನ್ನ ಹಿಂದೆ ಬಿಚ್ಚಿ ನೋಡಿದೆ ಎಂದು ಹೇಳಲು ನಾಚಿಕೆ. ಖಾನೆಯ ಬೀಗ ತೆಗೆದು ಕೈಗೆ ಸಿಕ್ಕ ಫೈಲು ಕತ್ತರಿಸಿದೆ. ಕಿವಿಯೆಲ್ಲ ರಸ್ತೆಯ ಕಡೆ ಇಟ್ಟುಕೊಂಡು ತಟ್ಟಿದೆ. ಒಂದು ತೂತು ಹೊಡೆಯುವುದೇ ಬಿಟ್ಟುಹೋಯಿತು. ತಳಕ್ಕೆ ನಾನೂ ಒಂದು ಲೋಟ ಎಣ್ಣೆ ಸುರಿದು ಕಿಕ್ ಹೊಡೆದೆ. ಟ್ಯಾಂಕಿನಲ್ಲಿ ಎಣ್ಣೆ ಬಿತ್ತು. ನೀನು ಹತ್ತು ನಿಮಿಷ ನೋಡಿದ್ದೆ, ನಾನು ಎರಡು ನಿಮಿಷ ನೋಡಿ ಮುಚ್ಚಿದೆ. ಬಂದದ್ದು ನಾನು ತಳಕ್ಕೆ ಸುರಿದ ಎಣ್ಣೆಯೇ.

ನನಗೆ ಗೊತ್ತಿತ್ತೇ ಎಂದು ಕೇಳುತ್ತೀಯ. ಬಿಚ್ಚಿದ್ದು ಗೊತ್ತಿತ್ತು. ತೂತು ಬಿಟ್ಟದ್ದು ಗೊತ್ತಿರಲಿಲ್ಲ, ದೇವರಾಣೆ. ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರೂ ಏನಾಯಿತು ಏನಾಯಿತು ಎಂದು ಮುತ್ತಿಕೊಂಡಾಗ ನಿನ್ನ ಹೆಸರು ಬಾಯಿಗೆ ಬಂತು. ಒಂದು ಸಲ ಬಂದದ್ದನ್ನು ವಾಪಸು ನುಂಗಲಾಗಲಿಲ್ಲ. ಬಿಚ್ಚಿ ನೋಡೋಣ ಎಂದು ನೀನು ಕೇಳಿದಾಗಲೆಲ್ಲ ಒಳಗೆ ನನ್ನ ಕೆಂಪು ರಟ್ಟು ಸಿಗುತ್ತದೆ ಎಂದು ಹೆದರುತ್ತಿದ್ದೆ. ಅದಕ್ಕೇ ಬಿಚ್ಚಲಿಲ್ಲ. ಬಿಚ್ಚದಿದ್ದರೆ ಅದು ನಿನ್ನ ಪಂಪೇ ಆಗಿರುತ್ತದೆ ಎಂದುಕೊಂಡೆ. ಈಗ ಬೆರಳು ಹೋಗುತ್ತಿವೆ. ನಾನು ಹೋದ ಮೇಲೆ ಯಾರೋ ಬಿಚ್ಚುವುದಕ್ಕಿಂತ ನಾನೇ ನೋಡಿಬಿಡೋಣ ಎನಿಸಿತು. ನಿನಗೆ ಬಣ್ಣ ಕೇಳಿದ್ದೂ ನೀನು ಹೇಳಿದ ಕಾರಣಕ್ಕೇ. ನಿನ್ನ ಬಾಯಿಂದ ಕೆಂಪು ಎಂದು ಬಂದಿದ್ದರೆ ಅದನ್ನೇ ಹಿಡಿದುಕೊಂಡು ಸಾಯುತ್ತಿದ್ದೆ.

ನಿನ್ನ ತಮ್ಮನಿಗೆ ಹೇಳಿಲ್ಲ. ದಿನಾ ಸಂಜೆ ಆ ಕಾಲನ್ನು ಎಳೆದುಕೊಂಡು ಬಂದು ಮಾತ್ರೆ ಕೊಟ್ಟು ಹೋಗುತ್ತಾನೆ. ಟಿಕೆಟ್ ಕೌಂಟರಿನಲ್ಲಿ ಕೂತು, ಡ್ರೈವರುಗಳು ಎದುರಿಗೆ ಓಡಾಡುವುದನ್ನು ನೋಡಿ ಬಂದಿರುತ್ತಾನೆ. ಅವನ ಕೈಯಿಂದ ನೀರಿನ ಲೋಟ ತೆಗೆದುಕೊಂಡು ಹೇಗೆ ಹೇಳಲಿ? ನಿನಗೆ ಹೇಳಿದ್ದೇನಲ್ಲ. ನಿನಗೆ ತಿಳಿದರೆ ಸಾಲದೇ?

ಅಪ್ಪ


ಆಗಸ್ಟ್ 28

ಸಾಲದು.

ನನಗೆ ತಿಳಿದು ಏನಾಗಬೇಕು? ನಾನು ತಪ್ಪು ಮಾಡಿಲ್ಲ ಎಂಬುದು ಆ ದಿನವೇ ನನ್ನ ಕೈಗೆ ಗೊತ್ತಿತ್ತು. ನೀವು ಅದನ್ನು ಅಳಿಸಿದಿರಿ. ಒಂಬತ್ತು ವರ್ಷ ಪ್ರತಿ ದಿನ ಆ ಆರು ತೂತುಗಳನ್ನು ಮನಸ್ಸಿನಲ್ಲೇ ಎಣಿಸಿದ್ದೇನೆ. ಎಣಿಸಿ ಎಣಿಸಿ, ಕೊನೆಗೆ ಐದೇ ಇತ್ತೇನೋ ಎಂದು ನಾನೇ ನಂಬುವ ಹಾಗಾದೆ. ನನ್ನ ಕೈ ನೋಡಿದರೆ ನನಗೇ ಹೆದರಿಕೆಯಾಗುತ್ತಿತ್ತು. ಇದು ನಿಮ್ಮ ಎರಡು ಬೆರಳು ನಡುಗುವ ಹಾಗಲ್ಲ.

ಬಾಯಿಗೆ ಬಂದದ್ದನ್ನು ನುಂಗಲಾಗಲಿಲ್ಲವಂತೆ. ಮಗಳನ್ನು ನುಂಗಲು ಆಯಿತು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು, ಅಲ್ಲವೇ? ಲೇತ್‌ನವನ ಒಂದು ತಮಾಷೆಗೆ ನನ್ನ ಹತ್ತು ವರ್ಷದ ಕೆಲಸ ತೂಗಲಿಲ್ಲ. ಹೋಗಲಿ, ಬಿಚ್ಚಿದಿರಿ. ಬಿಚ್ಚಿದ್ದನ್ನು ಹೇಳಿದ್ದರೆ ನಾನು ಒಂದು ಗಂಟೆ ಕೂಗಾಡಿ, ಇನ್ನೊಂದು ಪ್ಯಾಕಿಂಗ್ ಕತ್ತರಿಸಿ ಹಾಕುತ್ತಿದ್ದೆ. ತಮ್ಮ ಇವತ್ತು ಬಸ್ಸು ಓಡಿಸುತ್ತಿದ್ದ. ಅವನ ಕಾಲು ಮುರಿದದ್ದು ತೂತು ಬಿಟ್ಟದ್ದರಿಂದ ಅಲ್ಲ, ನಿಮ್ಮ ನಾಚಿಕೆಯಿಂದ.

ಅವನಿಗೆ ಹೇಳಿ. ನಾಲ್ಕು ಗೋಡೆಯ ನಡುವೆ ಪಿಸುಗುಟ್ಟುವುದಲ್ಲ. ನನ್ನ ಹೆಸರನ್ನು ಎಷ್ಟು ಗಟ್ಟಿಯಾಗಿ ಹೇಳಿದ್ದಿರೋ ಅಷ್ಟೇ ಗಟ್ಟಿಯಾಗಿ, ಆ ದಿನ ಕೇಳಿಸಿಕೊಂಡವರ ಎದುರಿಗೆ. ನಾನು ಹೇಳಿದರೆ ಅವನು ನಂಬುವುದಿಲ್ಲ, ಅದನ್ನೂ ನೀವೇ ಮಾಡಿಟ್ಟಿದ್ದೀರಿ. ಹೇಳುವ ತನಕ ನನಗೆ ಒಂದಕ್ಷರ ಬರೆಯಬೇಡಿ. ಬರೆದರೆ ಒಡೆಯದೆ ಒಲೆಗೆ ಹಾಕುತ್ತೇನೆ.

ಮಾಡಿದ್ದುಣ್ಣೋ ಮಹಾರಾಯ ಅಂತ ನೀವೇ ಹೇಳುತ್ತಿದ್ದಿರಿ. ಉಣ್ಣಿ.


ಸೆಪ್ಟೆಂಬರ್ 19

ಅಕ್ಕಾ,

ನಿನಗೆ ಕಾಗದ ಹೇಗೆ ಶುರು ಮಾಡಬೇಕು ಎಂದು ಗೊತ್ತಾಗುತ್ತಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎರಡು ವಾರದ ಹಿಂದೆ, ಭಾನುವಾರ ಬೆಳಿಗ್ಗೆ, ಅಪ್ಪ ಶೆಡ್ಡಿನಲ್ಲಿ ನಾಲ್ಕು ಸ್ಟೂಲು ಹಾಕು ಅಂದ. ಲೇತ್ ಮಾವ, ಅತ್ತೆ, ಬೋರ್ಡ್ ಬರೆಯುವ ಪೇಂಟರು, ಇಷ್ಟು ಜನರನ್ನು ಕರೆಸಿದ್ದ. ಗಾಡಿ ಮಾರಲು ಗಿರಾಕಿ ನೋಡುತ್ತಿದ್ದಾನೆ ಎಂದುಕೊಂಡೆ. ಅಪ್ಪ ಕೂರಲಿಲ್ಲ. ಎಂಜಿನ್ ಬಿಚ್ಚಿಟ್ಟಿದ್ದ ಮೇಜಿನ ಹತ್ತಿರ ನಿಂತು, ಒಂದು ಕೆಂಪು ರಟ್ಟಿನ ಚೂರನ್ನು ನನ್ನ ಕೈಗೆ ಕೊಟ್ಟ. 'ಇದರಲ್ಲಿ ಆರು ತೂತು ಇರ್ಬೇಕು, ಎಣಿಸು' ಅಂದ. ಐದು ಇತ್ತು. 'ಇದನ್ನ ಕತ್ತರಿಸಿದೋನು ನಾನು. ಅವಳು ಸರಿಯಾಗೇ ಕೂರಿಸಿದ್ಲು. ಅವಳು ಹೊರಗೆ ಹೋದಾಗ ನಾನು ಬಿಚ್ಚಿದೆ. ನಿನ್ನ ಕಾಲು ಮುರಿದೋನು ನಾನು' ಅಂದ. ಒಂದೇ ಉಸಿರಿಗೆ, ರಸ್ತೆಗೆಲ್ಲ ಕೇಳುವ ಹಾಗೆ ಹೇಳಿದ. ಎದುರು ಮನೆಯವರು ಕಿಟಕಿ ತೆಗೆದರು. ಲೇತ್ ಮಾವ 'ಅಂದ್ರೆ ನಾನು ಅಂದಿದ್ದಕ್ಕಾ' ಎಂದು ಕೇಳಿದರು. ಅಪ್ಪ, 'ನೀನು ಅಂದೆ, ನಾನು ಕೇಳಿದೆ. ಕೇಳಿದ್ದು ನನ್ನ ತಪ್ಪು' ಅಂದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದರು.

ನಿಜ ಹೇಳುತ್ತೇನೆ ಅಕ್ಕ, ನನಗೆ ಮೊದಲು ಸಿಟ್ಟು ಬಂದದ್ದು ಅಪ್ಪನ ಮೇಲಲ್ಲ, ನಿನ್ನ ಮೇಲೆ. ಒಂದೊಂದು ಮೆಟ್ಟಿಲು ಹತ್ತುವಾಗಲೂ ನಿನ್ನನ್ನು ಬೈದುಕೊಂಡು ಹತ್ತಿದ್ದೇನೆ. ಆ ಬೈಗುಳವೇ ನನಗೆ ಊರುಗೋಲಾಗಿತ್ತು. ಈಗ ಅದನ್ನೆಲ್ಲ ಎಲ್ಲಿಡಲಿ ಎಂದು ತಿಳಿಯಲಿಲ್ಲ. ಆಮೇಲೆ ಕೈಗೆ ಸಿಕ್ಕ ಸ್ಪ್ಯಾನರ್ ಎತ್ತಿ ಬೀಸಿದೆ. ಅಪ್ಪನಿಗೆ ಬೀಳಲಿಲ್ಲ, ಕಿಟಕಿಯ ಗಾಜಿಗೆ ಬಿತ್ತು. ಅಪ್ಪ ಪಕ್ಕಕ್ಕೆ ಸರಿಯಲೂ ಇಲ್ಲ.

ಆರು ದಿನ ಮಾತು ಬಿಟ್ಟೆ, ಮಾತ್ರೆಯನ್ನೂ ಕೊಡಲಿಲ್ಲ. ಏಳನೇ ದಿನ ಹೋದರೆ ಗಾಜಿನ ಚೂರು ಗುಡಿಸದೆ ಹಾಗೇ ಬಿಟ್ಟಿದ್ದ. ನಾನೇ ಗುಡಿಸಿದೆ. 'ಊಟ ಆಯ್ತಾ' ಅಂದೆ. ಅಷ್ಟೇ ಆಗಿದೆ ಇಲ್ಲಿಯ ತನಕ. ಕ್ಷಮಿಸಿದೆ ಎಂದಲ್ಲ.

ನಿನ್ನ ಕ್ಷಮೆ ಕೇಳುವ ಮುಖ ನನಗಿಲ್ಲ. ಅಪ್ಪ ಹೇಳಿದ, ನಾನು ನಂಬಿದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಮದುವೆಗೆ ಕರೆಯಲಿಲ್ಲ. ನನ್ನ ಮಗಳಿಗೆ ಅತ್ತೆ ಇದ್ದಾಳೆ ಎಂದು ಹೋದ ವಾರ ಹೇಳಿದೆ. 'ಎಲ್ಲಿ ಬಚ್ಚಿಟ್ಟಿದ್ದೆ' ಎಂದು ಕೇಳಿದಳು.

ಶೆಡ್ಡಿನ ಬೋರ್ಡಿನಲ್ಲಿ ಅಪ್ಪನ ಹೆಸರಿನ ಪಕ್ಕ ಅಳಿಸಿದ್ದ 'ಮತ್ತು ಮಗಳು' ಎಂಬುದನ್ನು ಮತ್ತೆ ಬರೆ ಎಂದು ಅಪ್ಪ ಪೇಂಟರಿಗೆ ಹೇಳಿದ್ದಾನೆ. ಪಂಪನ್ನು ನೀನೇ ಬಂದು ಕೂರಿಸಬೇಕಂತೆ, ತನ್ನ ಕೈ ಅದನ್ನು ಮುಟ್ಟಬಾರದಂತೆ. ಹೇಳು ಎಂದು ನನಗೆ ಹೇಳಿದ. ಹೇಳಿದ್ದೇನೆ.

ನಿನ್ನ ತಮ್ಮ


ಸೆಪ್ಟೆಂಬರ್ 30

ಅಪ್ಪ,

ತಮ್ಮನ ಕಾಗದ ಬಂತು. ಅವನಿಗೆ ಬೇರೆ ಬರೆದಿದ್ದೇನೆ, ಅದು ನಮ್ಮಿಬ್ಬರ ಜಗಳ, ನಾವು ಮುಗಿಸಿಕೊಳ್ಳುತ್ತೇವೆ.

ಬೋರ್ಡ್ ಬರೆಸಬೇಡಿ. ಬೇಕಾದಾಗ ಬರೆದು ಬೇಡವಾದಾಗ ಬಣ್ಣ ಬಳಿಯುವ 'ಮತ್ತು ಮಗಳು' ಆಗಲು ನನಗೆ ಇಷ್ಟವಿಲ್ಲ. ಪೇಂಟರಿಗೆ ನಮಸ್ಕಾರ ಹೇಳಿ ಕಳಿಸಿ.

ಪಂಪನ್ನೂ ನಾನು ಕೂರಿಸುವುದಿಲ್ಲ. ಎಷ್ಟು ಸುಲಭವಾಗಿ ಯೋಚಿಸಿದ್ದೀರಿ. ಮಗಳು ಬಂದು, ಕಣ್ಣೊರೆಸಿಕೊಂಡು, ಎರಡು ಸ್ಕ್ರೂ ತಿರುಗಿಸಿದರೆ ಎಲ್ಲ ಮುಚ್ಚಿಹೋಯಿತು. ಗೋಡೆಯ ಮೇಲೆ ಬರೆದದ್ದು ಇನ್ನೂ ಇದೆಯಲ್ಲ? ನಾನು ಬಿಚ್ಚಿದ್ದನ್ನು ನಾನು ಮುಚ್ಚಿ ಆಗಿದೆ, ಒಂಬತ್ತು ವರ್ಷದ ಹಿಂದೆ. ಆಮೇಲೆ ಬಿಚ್ಚಿದವರು ನೀವು. ಈಗ ಮತ್ತೆ ಬಿಚ್ಚಿದವರೂ ನೀವು. ಮುಚ್ಚುವವರೂ ನೀವೇ.

ಬೆರಳು ನಡುಗುತ್ತದೆ ಎಂದು ಹೇಳಬೇಡಿ. ನಡುಗಲಿ. ನಡುಗುವ ಬೆರಳಿನಲ್ಲೇ ತಟ್ಟಿ ಕತ್ತರಿಸಿ, ಎಷ್ಟು ದಿನವಾದರೂ ಆಗಲಿ. ಸ್ಕ್ರೂ ಕುಣಿದರೆ ಎಡಗೈಯಿಂದ ಹಿಡಿಯಿರಿ. ನಾನು ಬರುತ್ತೇನೆ, ಆದರೆ ಸ್ಟೂಲಿನ ಮೇಲೆ ಕೂರಲು. ನೀವು ಪ್ಯಾಕಿಂಗ್ ಇಡುವುದನ್ನು, ಪಂಪ್ ಕೂರಿಸುವುದನ್ನು, ತಳಕ್ಕೆ ಎಣ್ಣೆ ಸುರಿಯುವುದನ್ನು ನೋಡುತ್ತೇನೆ. ಎಂಜಿನ್ ಓಡಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಹತ್ತು ನಿಮಿಷ ನೋಡುತ್ತೇನೆ. ನೀವು ನನ್ನ ಕೆಲಸ ಬೆನ್ನ ಹಿಂದೆ ನೋಡಿದಿರಿ. ನಾನು ನಿಮ್ಮ ಕೆಲಸವನ್ನು ಎದುರಿಗೆ ಕೂತು ನೋಡುತ್ತೇನೆ.

ಒಪ್ಪಿಗೆಯಿದ್ದರೆ ಬರೆಯಿರಿ.

ನಿಮ್ಮ ಮಗಳು


ಅಕ್ಟೋಬರ್ 11

ಮಗಳೇ,

ಒಪ್ಪಿಗೆ.

ಬೂದು ಹಾಳೆ ಕೊಂಡು ತಂದೆ. ಮೂರು ಕೆಟ್ಟವು. ಒಂದರಲ್ಲಿ ಸುತ್ತಿಗೆ ಜಾರಿ ಹೆಬ್ಬೆರಳಿಗೆ ಬಿತ್ತು, ಉಗುರು ಕಪ್ಪಾಗಿದೆ. ಮೊಮ್ಮಗಳು ಊದಿದಳು. ಇದು ನಾಲ್ಕನೆಯದು. ಹಾಳೆಯೂ ಇದರೊಂದಿಗೇ ಮುಗಿಯಿತು. ಪ್ಯಾಕಿಂಗನ್ನು ಈ ಕಾಗದದ ಜತೆಯಲ್ಲೇ ಇಟ್ಟಿದ್ದೇನೆ. ಎಣಿಸಿ ನೋಡು. ನಾನು ಎಂಟು ಸಲ ಎಣಿಸಿದೆ, ನನ್ನ ಎಣಿಕೆಯ ಮೇಲೆ ನನಗೆ ನಂಬಿಕೆಯಿಲ್ಲ.

ನೀನು ಸರಿ ಎನ್ನುವ ತನಕ ಪಂಪ್ ಮುಟ್ಟುವುದಿಲ್ಲ.

ಅಪ್ಪ


ಅಕ್ಟೋಬರ್ 17

ಅಪ್ಪ,

ಎಣಿಸಿದೆ. ಆರು ಇವೆ.

ಆದರೆ ಟ್ಯಾಂಕಿನಿಂದ ಎಣ್ಣೆ ಬರುವ ತೂತು ಚಿಕ್ಕದಾಯಿತು. ಅದು ಎರಡೂವರೆ ನೂಲು ಅಗಲ ಇರಬೇಕು, ಡ್ರಿಲ್ ಬಿಟ್ ತೂರಿಸಿ ಅಳೆದೆ, ಎರಡೇ ಇದೆ. ಎಡಗಡೆಯ ಸ್ಕ್ರೂ ತೂತಿನ ಅಂಚು ಹರಿದಿದೆ. ಇದು ನಡೆಯುವುದಿಲ್ಲ. ಇದನ್ನು ನಾನು ಒಂಬತ್ತನೇ ವಯಸ್ಸಿನಲ್ಲಿ ಕತ್ತರಿಸಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ನೆನಪು ಮಾಡಿಕೋ. ಮತ್ತೆ ಕತ್ತರಿಸು.

ಶನಿವಾರ ಹನ್ನೊಂದು ಗಂಟೆಯ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಯಾರೂ ಬರುವುದು ಬೇಡ, ದಾರಿ ಮರೆತಿಲ್ಲ. ಸ್ಟೂಲು ಮೇಜಿನ ಹತ್ತಿರ ಹಾಕಿರು. ಮಗುವನ್ನು ಗಾಡಿಯ ಮೇಲಿಂದ ಇಳಿಸಬೇಡ, ನಾನೇ ಇಳಿಸುತ್ತೇನೆ, ಕಚ್ಚಿದರೆ ಕಚ್ಚಲಿ. ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ಅದನ್ನೂ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬರುತ್ತಿದ್ದೇನೆ.

ಹಾಳೆ ಮುಗಿಯಿತು ಎಂದು ನೆಪ ಹೇಳಬೇಡ. ಸರ್ಟಿಫಿಕೇಟುಗಳನ್ನು ಬೇರೆ ಕಡೆ ಎತ್ತಿಟ್ಟು, ಆ ಕೆಂಪು ಫೈಲಿನ ಉಳಿದ ರಟ್ಟನ್ನು ಇದರ ಜತೆ ಕಳಿಸಿದ್ದೇನೆ. ರಟ್ಟಿನದು ಏನೂ ತಪ್ಪಿರಲಿಲ್ಲ. ಇದರಲ್ಲೇ ಕತ್ತರಿಸು.

ನಿನ್ನ ಮಗಳು